ಬಾರ್ ಲಾಕ್ ಆಗಲಿಲ್ಲ ಅಂತ ಇಳಿಸಿಬಿಟ್ಟರು, ಇದು ಸರಿಯಾ?

ಪ್ರಶ್ನೆ: ನನಗೆ 54 ವರ್ಷ. ಎತ್ತರ 5 ಅಡಿ 7 ಇಂಚು, ತೂಕ 112 ಕೆ.ಜಿ. ಹೋದ ಬೇಸಿಗೆಯಲ್ಲಿ ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದೆ. ಅಲ್ಲಿನ ಒಂದು ಪಾರ್ಕ್‌ನಲ್ಲಿ ಮೊಮ್ಮಗನ ಜೊತೆ ರೋಲರ್ ಕೋಸ್ಟರ್‌ಗೆ ಒಂದೂಕಾಲು ಗಂಟೆ ಸಾಲಿನಲ್ಲಿ ನಿಂತೆ. ಕೂತ ಮೇಲೆ ತೊಡೆಯ ಮೇಲೆ ಬರುವ ಬಾರ್ ಲಾಕ್ ಆಗಲಿಲ್ಲ. ಇಬ್ಬರು ಹುಡುಗರು ಬಂದು ಮೂರು ಸಲ ಒತ್ತಿದರು, ಆಮೇಲೆ ಇಳಿಯಿರಿ ಎಂದರು. ಎಲ್ಲರೂ ನೋಡುತ್ತಿದ್ದರು. ನನಗಿಂತ ಭಾರಿ ಆಳೊಬ್ಬ ಹಿಂದಿನ ಸೀಟಿನಲ್ಲಿ ಆರಾಮಾಗಿ ಕೂತಿದ್ದ. ತೂಕದ ಮಿತಿ ಇಷ್ಟು ಅಂತ ಎಲ್ಲೂ ಬೋರ್ಡ್ ಇರಲಿಲ್ಲ. ಇನ್ನೊಂದು ಸಲ ಗಟ್ಟಿಯಾಗಿ ಒತ್ತಿದ್ದರೆ ಆಗುತ್ತಿತ್ತು ಅನಿಸುತ್ತದೆ. ವಿಮಾನದಲ್ಲಿ ಬೆಲ್ಟ್ ಸಾಲದಿದ್ದರೆ ಜೋಡಿಸಲು ಒಂದು ತುಂಡು ಕೊಡುತ್ತಾರಲ್ಲ, ಇಲ್ಲಿ ಯಾಕೆ ಕೊಡಲ್ಲ? ನನ್ನಂಥವರು ಇನ್ನು ಇದರ ಆಸೆ ಬಿಡಬೇಕಾ?
– ದಾವಣಗೆರೆಯ ಓದುಗರು

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಆ ಹುಡುಗರು ನಿಮ್ಮನ್ನು ಇಳಿಸಿದ್ದು ಸರಿ. ಒಂದೂಕಾಲು ಗಂಟೆ ನಿಲ್ಲಿಸಿಕೊಂಡು, ಮೊಮ್ಮಗನ ಎದುರಿಗೆ, ಕೊನೇ ನಿಮಿಷದಲ್ಲಿ ಇಳಿಸಿದ್ದು ತಪ್ಪು. ಆ ತಪ್ಪು ಹುಡುಗರದ್ದಲ್ಲ, ಪಾರ್ಕ್‌ನದ್ದು. ಆಸೆಯನ್ನಂತೂ ಬಿಡಬೇಕಾಗಿಲ್ಲ.

ನಾನು 22 ವರ್ಷ ಇಂಥ ರೈಡ್‌ಗಳ ಮೇಂಟೆನೆನ್ಸ್ ಮತ್ತು ತಪಾಸಣೆಯಲ್ಲಿ ಕೆಲಸ ಮಾಡಿದವನು. ಜನರನ್ನು ಇಳಿಸುವ ಕೆಲಸ ನಾನೂ ಮಾಡಿದ್ದೇನೆ. ಇಳಿದು ಹೋಗುವವರ ಮುಖ ಹೇಗಿರುತ್ತದೆ ಅಂತ ನನಗೆ ಗೊತ್ತು. ಹಾಗಾಗಿ ನಿಮ್ಮ ಪ್ರಶ್ನೆಯನ್ನು ಸುಮ್ನೆ ಎರಡು ಮಾತಿನಲ್ಲಿ ಮುಗಿಸಲು ಮನಸ್ಸಿಲ್ಲ.

ಮೊದಲು ತೂಕದ ವಿಚಾರ. ಬೋರ್ಡ್ ಯಾಕೆ ಇರಲಿಲ್ಲ ಅಂದರೆ, ಹೆಚ್ಚಿನ ಕೋಸ್ಟರ್‌ಗಳಲ್ಲಿ ತೊಂದರೆ ಇರುವುದು ತೂಕದಲ್ಲಲ್ಲ. ಬಂಡಿಗೆ, ಹಳಿಗೆ ನಿಮ್ಮ 112 ಕೆ.ಜಿ. ಒಂದು ಲೆಕ್ಕವೇ ಅಲ್ಲ. ಜನ ಹತ್ತುವ ಮೊದಲು ಎಲ್ಲ ಸೀಟಿನಲ್ಲೂ ನೀರು ತುಂಬಿದ ಡಮ್ಮಿಗಳನ್ನು ಕೂರಿಸಿ ಎಷ್ಟೋ ಸಲ ಓಡಿಸಿರುತ್ತಾರೆ. ಅಲ್ಲಿ ಮುಖ್ಯವಾಗುವುದು ಮೈಯ ಆಕಾರ. ಬಳೆ ತೊಡಿಸುವವರನ್ನು ಕೇಳಿ ನೋಡಿ. ತೋಳು ದಪ್ಪ ಇದ್ದವರಿಗೂ ಸಣ್ಣ ಬಳೆ ಸಲೀಸಾಗಿ ಏರುತ್ತದೆ. ಬೆರಳ ಬುಡದ ಗಂಟು ಅಗಲ ಇದ್ದರೆ ಸಣಕಲು ಕೈಗೂ ಏರುವುದಿಲ್ಲ. ಇದೂ ಹಾಗೇ. ನಿಮ್ಮ ಹಿಂದೆ ಕೂತಿದ್ದ ಆಳಿನ ಭಾರ ಬಹುಶಃ ಎದೆ, ಭುಜ, ಬೆನ್ನಿನಲ್ಲಿ ಹಂಚಿಹೋಗಿತ್ತು. ನಮ್ಮ ಕಡೆಯ ಗಂಡಸರಲ್ಲಿ ಸಾಮಾನ್ಯವಾಗಿ ಕೈಕಾಲು ಸಾಧಾರಣ, ಹೊಟ್ಟೆ ಮಾತ್ರ ಮುಂದೆ. ಬಾರ್ ಬರುವ ದಾರಿಗೆ ಅಡ್ಡ ಇರುವುದು ಆ ಹೊಟ್ಟೆ. ಹೆಂಗಸರಲ್ಲಿ ಎಷ್ಟೋ ಸಲ ಹೊಟ್ಟೆ ಇರುವುದಿಲ್ಲ, ತೊಡೆ ದಪ್ಪ ಇರುತ್ತದೆ, ಬಾರ್ ಅಲ್ಲಿ ನಿಂತುಬಿಡುತ್ತದೆ. ಭುಜದ ಮೇಲಿನಿಂದ ಇಳಿಯುವ ಹಾರ್ನೆಸ್ ಇರುವ ರೈಡ್‌ಗಳಲ್ಲಿ ಎದೆ ಅಗಲ ಇರುವ ವ್ಯಾಯಾಮದ ಹುಡುಗರು, ಆರೂವರೆ ಅಡಿ ಎತ್ತರದವರೂ ವಾಪಸ್ ಹೋಗುತ್ತಾರೆ. ಅವರ ಮೈಯಲ್ಲಿ ಕೊಬ್ಬೇ ಇರುವುದಿಲ್ಲ!

ಈಗ ಬಾರ್ ಏನು ಮಾಡುತ್ತದೆ ನೋಡೋಣ. ಕೋಸ್ಟರ್ ಮೇಲೇರಿ ತುದಿ ದಾಟಿ ಸರ್ರನೆ ಇಳಿಯುವಾಗ ಹೊಟ್ಟೆಯೊಳಗೆ ಜುಂ ಅನ್ನುತ್ತದಲ್ಲ, ಆ ಹೊತ್ತಿನಲ್ಲಿ ಬಂಡಿ ಕೆಳಗೆ ತಿರುಗಿದ್ದರೂ ನಿಮ್ಮ ಮೈ ಇನ್ನೂ ಮುಂದಕ್ಕೆ, ಮೇಲಕ್ಕೇ ಹೋಗಲು ನೋಡುತ್ತಿರುತ್ತದೆ. ಸೀಟು ನಿಮ್ಮನ್ನು ಬಿಟ್ಟು ಕೆಳಗೆ ಸರಿಯುತ್ತದೆ. ಆಗ ನಿಮ್ಮನ್ನು ಬಂಡಿಯ ಜೊತೆ ಇಟ್ಟುಕೊಳ್ಳುವುದು ಆ ಬಾರ್ ಒಂದೇ. ಜೋರಾದ ಕೋಸ್ಟರ್‌ಗಳಲ್ಲಿ ಈ ಸೆಳೆತ ಮೈನಸ್ ಒಂದು ಜಿ ಹತ್ತಿರ ಹೋಗುತ್ತದೆ. ಹಾಗೆಂದರೆ ನಿಮ್ಮನ್ನು ತಲೆಕೆಳಗಾಗಿ ನೇತುಹಾಕಿದ ಹಾಗೆ. 112 ಕೆ.ಜಿ. ಅಷ್ಟೂ ಭಾರ ಆ ಬಾರ್ ಮೇಲೆ ಬೀಳುತ್ತದೆ.

ಬಾರ್ ಎಲ್ಲಿ ಕೂತಿದೆ ಅನ್ನುವುದು ಆಗ ಜೀವದ ಪ್ರಶ್ನೆ. ಸೊಂಟ ಮತ್ತು ತೊಡೆ ಸೇರುವ ಮಡಿಕೆಯಲ್ಲಿ ಕೂತಿದ್ದರೆ ಅದು ಮೂಳೆಯನ್ನು ಹಿಡಿದಿರುತ್ತದೆ. ಮೂಳೆ ಜರುಗುವುದಿಲ್ಲ. ಹೊಟ್ಟೆಯ ಮೇಲೆ ಕೂತಿದ್ದರೆ ಅದು ಹಿಡಿದಿರುವುದು ಮೆತ್ತಗಿನ ಭಾಗವನ್ನು. ನಿಂತ ಬಂಡಿಯಲ್ಲಿ ಅದು ಬಿಗಿಯಾಗಿಯೇ ಕಾಣುತ್ತದೆ. ಕೂತವರಿಗೂ ಬಿಗಿ ಅನಿಸುತ್ತದೆ, ಉಸಿರು ಕಟ್ಟುವಷ್ಟು. ಆದರೆ ಮೈ ಮೇಲೇಳುವ ಕ್ಷಣದಲ್ಲಿ ಹೊಟ್ಟೆ ಒಳಗೆ ಹೋಗುತ್ತದೆ, ಪಕ್ಕಕ್ಕೆ ಜರುಗುತ್ತದೆ. ತೊಡೆ ಮತ್ತು ಬಾರ್ ನಡುವೆ ಇದ್ದ ಖಾಲಿ ಜಾಗ ಆಗ ಬಾಗಿಲಾಗುತ್ತದೆ.

ಇನ್ನೊಂದು ಸಲ ಒತ್ತಿದ್ದರೆ ಆಗುತ್ತಿತ್ತು ಅಂದಿರಿ. ಆಗುತ್ತಿತ್ತು. ನಾನು ಹೆದರುವುದು ಅದಕ್ಕೇ. ಗಟ್ಟಿ ತೋಳಿನ ಇಬ್ಬರು ಒತ್ತಿದರೆ ಯಾವ ಹೊಟ್ಟೆಯ ಮೇಲಾದರೂ ಬಾರ್ ಒಂದು ಹಲ್ಲು ಕೆಳಗೆ ಇಳಿಯುತ್ತದೆ. ಲಾಕ್ ಆಗಿದೆ ಅಂತ ದೀಪವೂ ಹತ್ತುತ್ತದೆ. ಆದರೆ ಮೂಳೆ ಎಲ್ಲಿದೆ ಅಂತ ದೀಪಕ್ಕೆ ಗೊತ್ತಾಗುವುದಿಲ್ಲ.

ಆ ದೀಪದ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ಬಾರ್‌ಗಳಲ್ಲಿ ಹಲ್ಲಿನ ಪಟ್ಟಿ ಇರುತ್ತದೆ. ಬಾರ್ ಇಳಿದ ಹಾಗೆ ಕಟ್ ಕಟ್ ಅಂತ ಒಂದೊಂದೇ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ, ಹಿಂದಕ್ಕೆ ಬರುವುದಿಲ್ಲ. ಹೊಸವುಗಳಲ್ಲಿ ಹೆಚ್ಚಾಗಿ ಹೈಡ್ರಾಲಿಕ್ ಸಿಲಿಂಡರ್. ಎಣ್ಣೆ ಒಂದೇ ದಿಕ್ಕಿಗೆ ಹರಿಯುವ ವಾಲ್ವ್ ಇರುವುದರಿಂದ ಬಾರ್ ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಇವುಗಳಲ್ಲಿ ಶಬ್ದವಿಲ್ಲ. ಒಂದು ಸಿಲಿಂಡರ್ ಕೈಕೊಟ್ಟರೆ ಇರಲಿ ಅಂತ ಎರಡನ್ನು ಇಟ್ಟಿರುತ್ತಾರೆ. ಅಮೆರಿಕದ ಎಎಸ್‌ಟಿಎಂ ಎಫ್ 2291 ಅನ್ನುವ ಮಾನದಂಡ ರೈಡ್‌ನ ಸೆಳೆತ ನೋಡಿ ಈ ಹಿಡಿತಗಳನ್ನು ಐದು ವರ್ಗ ಮಾಡಿದೆ. ಒಂದನೆಯದರಲ್ಲಿ ಏನೂ ಬೇಕಾಗಿಲ್ಲ. ಐದನೆಯದರಲ್ಲಿ ಲಾಕ್ ಕೂಡ ಜೋಡಿ ಇರಬೇಕು, ಅದು ಸರಿಯಾಗಿ ಬಿದ್ದಿದೆಯೋ ಇಲ್ಲವೋ ಅಂತ ಯಂತ್ರವೇ ಕಾಯುತ್ತಿರಬೇಕು. ಇಲ್ಲದಿದ್ದರೆ ಬಂಡಿ ಹೊರಡಬಾರದು.

ಲಾಕ್ ಆಗುವುದು ಒಂದು, ಸಾಕಷ್ಟು ಕೆಳಗೆ ಇಳಿದು ಲಾಕ್ ಆಗುವುದು ಇನ್ನೊಂದು. ಎರಡನೆಯದನ್ನು ಅಳೆಯಲು ಸೆನ್ಸರ್ ಇಡುತ್ತಾರೆ. ಬಾರ್ ಇಷ್ಟು ಇಳಿದರೆ ಮಾತ್ರ ದೀಪ. ಕೆಲವು ಕಂಪನಿಗಳು ಅದರ ಜೊತೆ ಒಂದು ಗಿಡ್ಡ ಬೆಲ್ಟ್ ಇಡುತ್ತವೆ. ನಿಮ್ಮ ವಿಮಾನದ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ವಿಮಾನದ ಬೆಲ್ಟ್ ಇರುವುದು ನಿಮ್ಮನ್ನು ಹಿಡಿಯಲಿಕ್ಕೆ. ಉದ್ದ ಮಾಡಿದರೂ ಹಿಡಿಯುತ್ತದೆ, ಏಕೆಂದರೆ ಅದು ಸೊಂಟಕ್ಕೆ ಸುತ್ತಿಕೊಂಡಿರುತ್ತದೆ. ಕೋಸ್ಟರ್‌ನಲ್ಲಿ ಬಾರ್‌ಗೂ ಸೀಟಿಗೂ ನಡುವೆ ಹಾಕುವ ಬೆಲ್ಟ್‌ಗೆ ಇನ್ನೊಂದು ಕೆಲಸ ಇದೆ. ಅದೊಂದು ಅಳತೆಕೋಲು. ಬಕಲ್ ಸಿಕ್ಕಿತು ಅಂದರೆ ಬಾರ್ ಬೇಕಾದಷ್ಟು ಇಳಿದಿದೆ ಅಂತ ಅರ್ಥ. ಸಿಗಲಿಲ್ಲ ಅಂದರೆ ಇಳಿದಿಲ್ಲ. ಆ ಬೆಲ್ಟ್‌ಗೆ ತುಂಡು ಜೋಡಿಸುವುದು ತೂಕದ ಬಟ್ಟನ್ನು ಕೊರೆದು ಹಗುರ ಮಾಡಿದ ಹಾಗೆ. ಬೆಲ್ಟ್ ಎಷ್ಟು ಉದ್ದ ಇರಬೇಕು ಅನ್ನುವುದನ್ನು ರೈಡ್ ಮಾಡಿದ ಕಂಪನಿ ಹೇಳುತ್ತದೆ. ಪಾರ್ಕ್‌ನವರು ಒಂದು ಇಂಚೂ ಬದಲಿಸಬಾರದು.

ಇಂಥ ಅಳತೆಯನ್ನು ಬದಲಿಸಿದರೆ ಏನಾಗುತ್ತದೆ? 2022ರ ಮಾರ್ಚ್ 24ರಂದು ಫ್ಲೋರಿಡಾದ ಒರ್ಲಾಂಡೊದಲ್ಲಿ ಆಯಿತು. ಐಕಾನ್ ಪಾರ್ಕ್ ಅನ್ನುವ ಜಾಗದಲ್ಲಿ 430 ಅಡಿ ಎತ್ತರದ ಡ್ರಾಪ್ ಟವರ್ ಇತ್ತು. ಜನರನ್ನು ಮೇಲಕ್ಕೆ ಒಯ್ದು, ಮುಂದಕ್ಕೆ ಬಾಗಿಸಿ, ಕೆಳಗೆ ಬಿಡುವ ರೈಡ್. ಇದು ಕೋಸ್ಟರ್ ಅಲ್ಲ, ಆದರೆ ಹಿಡಿತದ ಲೆಕ್ಕ ಒಂದೇ. ಅಲ್ಲಿ ಇದ್ದದ್ದು ಭುಜದ ಮೇಲಿನ ಹಾರ್ನೆಸ್ ಮಾತ್ರ, ಬೆಲ್ಟ್ ಇರಲಿಲ್ಲ. ಆಪರೇಟರ್ ಕೈಪಿಡಿಯಲ್ಲಿ 130 ಕೆ.ಜಿ. ಮಿತಿ ಅಂತ ಬರೆದಿತ್ತು. ಅವತ್ತು 14 ವರ್ಷದ ಒಬ್ಬ ಹುಡುಗ ಬಂದ. ಫುಟ್‌ಬಾಲ್ ಆಡುವ, ಆರಡಿ ಮೀರಿದ ದೊಡ್ಡ ಮೈಕಟ್ಟಿನ ಹುಡುಗ. ಮಿತಿಗಿಂತ ತುಂಬಾ ಜಾಸ್ತಿ ತೂಕ ಇದ್ದ. ಬೇರೆ ರೈಡ್‌ಗಳಲ್ಲಿ ಅವನನ್ನು ಬೇಡ ಅಂದಿದ್ದರು ಅಂತ ಆಮೇಲೆ ಅವನ ತಂದೆ ಹೇಳಿದರು. ಇಲ್ಲಿ ಕೂರಿಸಿಕೊಂಡರು.

ತನಿಖೆ ಮಾಡಿದವರಿಗೆ ಸಿಕ್ಕಿದ್ದು ಇದು. ಅವನು ಕೂತ ಸೀಟಿನ ಸೆನ್ಸರನ್ನು ಮೊದಲೇ ಯಾರೋ ಕೈಯಿಂದ ಸರಿಸಿ, ದೊಡ್ಡ ಮೈಯವರಿಗೂ ದೀಪ ಹತ್ತುವ ಹಾಗೆ ಮಾಡಿದ್ದರು. ಮಾಮೂಲಿ ಸೀಟುಗಳಲ್ಲಿ ಹಾರ್ನೆಸ್ ಮತ್ತು ಸೀಟಿನ ನಡುವೆ ಸುಮಾರು 8 ಸೆಂ.ಮೀ. ಸಂದು. ಆ ಸೀಟಿನಲ್ಲಿ ಸುಮಾರು 18 ಸೆಂ.ಮೀ. ದೀಪ ಹತ್ತಿತು. ಯಂತ್ರ ಸರಿ ಇದೆ ಅಂದಿತು. ಟವರ್ ಬ್ರೇಕ್ ಹಿಡಿಯುವ ಹೊತ್ತಿಗೆ ಹುಡುಗ ಆ ಸಂದಿನಿಂದ ಜಾರಿ ಬಿದ್ದ. ಹಾರ್ನೆಸ್ ಮುರಿದಿರಲಿಲ್ಲ. ಲಾಕ್ ಹಾಗೇ ಇತ್ತು.

ಇದನ್ನು ನಾನು ಎಷ್ಟು ಸಲ ಓದಿದರೂ ಕೈ ತಣ್ಣಗಾಗುತ್ತದೆ. ಆ ಹುಡುಗನಿಗೆ ಯಾರೋ ಒಬ್ಬರು ಒಳ್ಳೆಯ ಮನಸ್ಸಿನಿಂದಲೇ "ಬಾ, ಕೂತ್ಕೋ" ಅಂದಿರಬಹುದು. ಅವತ್ತು ಅವನಿಗೆ ಬೇಕಾಗಿದ್ದದ್ದು ಒಂದು ಗಟ್ಟಿಯಾದ "ಇಲ್ಲ". ಆ ಟವರನ್ನು ಮುಂದಿನ ವರ್ಷ ಕೆಡವಿದರು. 2023ರಲ್ಲಿ ಫ್ಲೋರಿಡಾ ಅವನ ಹೆಸರಿನಲ್ಲೇ ಕಾನೂನು ಮಾಡಿತು. ಎತ್ತರದ ಡ್ರಾಪ್ ಟವರ್‌ಗಳಲ್ಲಿ ಹಾರ್ನೆಸ್ ಜೊತೆಗೆ ಸೀಟ್ ಬೆಲ್ಟ್ ಕೂಡ ಇರಲೇಬೇಕು ಅಂತ.

ಇದೇ ಮೊದಲೂ ಅಲ್ಲ. 2001ರಲ್ಲಿ ಕ್ಯಾಲಿಫೋರ್ನಿಯಾದ ನಾಟ್ಸ್ ಬೆರಿ ಫಾರ್ಮ್‌ನ ಪೆರಿಲಸ್ ಪ್ಲಂಜ್ ಅನ್ನುವ ನೀರಿನ ರೈಡ್‌ನಲ್ಲಿ ದಪ್ಪ ಮೈಯ ಹೆಂಗಸೊಬ್ಬರು ದೋಣಿಯಿಂದ ಬಿದ್ದು ತೀರಿಕೊಂಡರು. ಆಮೇಲೆ ಅಲ್ಲಿ ಬಾರ್ ತೆಗೆದು ಭುಜದ ಹಾರ್ನೆಸ್ ಹಾಕಿದರು. 2004ರಲ್ಲಿ ಸಿಕ್ಸ್ ಫ್ಲ್ಯಾಗ್ಸ್ ನ್ಯೂ ಇಂಗ್ಲೆಂಡ್ ಅನ್ನುವ ಪಾರ್ಕ್‌ನ ಸೂಪರ್‌ಮ್ಯಾನ್ ಕೋಸ್ಟರ್‌ನಿಂದ ಒಬ್ಬರು ಬಿದ್ದರು. ಹೊಟ್ಟೆ ದೊಡ್ಡದಿದ್ದದ್ದರಿಂದ ಬಾರ್ ತೊಡೆಗೆ ತಾಗಿರಲಿಲ್ಲ, ಸಿಬ್ಬಂದಿ ಅದನ್ನು ಸರಿಯಾಗಿ ನೋಡಿರಲಿಲ್ಲ ಅಂತ ತನಿಖೆಯಲ್ಲಿ ಬಂತು. 2013ರ ಜುಲೈನಲ್ಲಿ ಟೆಕ್ಸಾಸ್ ಜೈಂಟ್ ಕೋಸ್ಟರ್‌ನಿಂದ ಹೆಂಗಸೊಬ್ಬರು ಬಿದ್ದು ಸತ್ತರು. ಅದು ಮತ್ತೆ ಶುರುವಾದಾಗ ಬಾರ್ ಜೊತೆ ಬೆಲ್ಟ್ ಬಂದಿತ್ತು, ಬಾಗಿಲಲ್ಲಿ ಕೂತು ನೋಡಲು ಒಂದು ಸೀಟನ್ನೂ ಇಟ್ಟಿದ್ದರು. ನಿಮ್ಮನ್ನು ಇಳಿಸಿದ ಹುಡುಗರಿಗೆ ಇಪ್ಪತ್ತು ವರ್ಷ ಆಗಿತ್ತೋ ಇಲ್ಲವೋ. ಆದರೆ ಅವರಿಗೆ ಕಲಿಸಿದವರ ತಲೆಯಲ್ಲಿ ಈ ಹೆಸರುಗಳೆಲ್ಲ ಇರುತ್ತವೆ.

ನಮ್ಮಲ್ಲಿ ಇದಕ್ಕೆ ಉಲ್ಟಾ. ಜಾತ್ರೆಯ ಕೊಲಂಬಸ್ ಹತ್ತಿರ ಹೋಗಿ ನಿಂತರೆ ಯಾರನ್ನೂ ವಾಪಸ್ ಕಳಿಸುವುದಿಲ್ಲ. "ಕೂತ್ಕೊಳ್ಳಿ ಸಾರ್, ಏನಾಗಲ್ಲ" ಅನ್ನುತ್ತಾರೆ. ಕೇಳಲು ಆತ್ಮೀಯವಾಗಿರುತ್ತದೆ. ಒಂದೇ ಬಾರ್ ಕೆಳಗೆ ಅಪ್ಪ, ಅಮ್ಮ, ಪುಟ್ಟ ಮಗು. ಅಪ್ಪನ ಹೊಟ್ಟೆಗೆ ತಾಗಿ ಬಾರ್ ನಿಲ್ಲುತ್ತದೆ, ಮಗುವಿನ ಮುಂದೆ ಒಂದು ಗೇಣು ಖಾಲಿ. ನೀವು ಓದುತ್ತಿರುವ ಈ ಉತ್ತರದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಇಬ್ಬರಿಗೂ ಸೇರಿ ಒಂದೇ ಬಾರ್ ಇರುವ ಕಡೆ ದಪ್ಪ ಇರುವವರ ಪಕ್ಕ ಮಗುವನ್ನು ಕೂರಿಸಬೇಡಿ. ಅಲ್ಲಿ ಅಪಾಯ ಇರುವುದು ನಿಮಗಲ್ಲ, ಮಗುವಿಗೆ.

ನನ್ನದೇ ಒಂದು ಘಟನೆ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಪಾರ್ಕ್ ಯಾವುದು ಅಂತ ಬೇಡ. ಊರಿನ ದೊಡ್ಡ ಮನುಷ್ಯರೊಬ್ಬರು ಪರಿವಾರದ ಜೊತೆ ಬಂದಿದ್ದರು. ಹಾರ್ನೆಸ್ ಕೊನೆಯ ಹಲ್ಲಿಗೆ ಬರಲಿಲ್ಲ. ನಾನು ಇಳಿಯಬೇಕಾಗುತ್ತದೆ ಅಂದೆ. ಮ್ಯಾನೇಜರ್ ಓಡಿಬಂದು "ಯಾರು ಗೊತ್ತೇನಯ್ಯಾ ಇವರು, ಒತ್ತಯ್ಯಾ" ಅಂದರು. ನಾನು ಮಂಡಿ ಊರಿ ಒತ್ತಿದೆ. ಕಟ್ ಅಂತು. ದೀಪ ಬಂತು. ನನ್ನ ಕೈ ಮಾತ್ರ ಗುಂಡಿಯ ಕಡೆ ಹೋಗಲಿಲ್ಲ. ಅವರ ಮುಖ ಕೆಂಪಾಗಿತ್ತು, ಉಸಿರು ಮೇಲೇ ಸಿಕ್ಕಿಕೊಂಡಿತ್ತು. ಹೆದರಿದ್ದರು, ಆದರೆ ಹೆಂಡತಿ ಮಕ್ಕಳೆದುರು ಹೇಳಲಾರರು. ನಾನು ಹಾರ್ನೆಸ್ ಎತ್ತಿ, "ಸಾರ್, ಈ ಸೀಟಿನ ಲಾಕ್ ಸ್ವಲ್ಪ ತೊಂದರೆ ಕೊಡ್ತಿದೆ" ಅಂತ ಇಳಿಸಿದೆ. ಕೆಳಗೆ ಬಂದು ನನ್ನ ಕೈ ಹಿಡಿದು "ಒಳ್ಳೇದು ಮಾಡಿದಿ" ಅಂದರು. ಮ್ಯಾನೇಜರ್ ವಾರ ಪೂರ್ತಿ ಮಾತಾಡಲಿಲ್ಲ. ಅವತ್ತು ನಾನು ಹೇಳಿದ್ದು ಸುಳ್ಳು. ಈಗಾದರೆ ಸುಳ್ಳು ಹೇಳುವುದಿಲ್ಲ. ಮೆಲ್ಲಗೆ, ಅವರೊಬ್ಬರಿಗೇ ಕೇಳುವ ಹಾಗೆ ನಿಜ ಹೇಳುತ್ತೇನೆ. ಆದರೆ ಇಳಿಸುವುದಂತೂ ಇಳಿಸುತ್ತೇನೆ.

ಇನ್ನು ನಿಮ್ಮ ಸಿಟ್ಟಿಗೆ ಬರೋಣ. ಅದಕ್ಕೆ ಕಾರಣ ಇದೆ. ಎಲ್ಲರಿಗೂ ಹೊಂದುವ ಸೀಟು ಮಾಡುವುದು ಸುಲಭ ಅಲ್ಲ ಅನ್ನುವುದು ನಿಜ. ನಾಲ್ಕಡಿ ಎತ್ತರದ ಸಣಕಲು ಮಗುವನ್ನೂ ನಿಮ್ಮನ್ನೂ ಒಂದೇ ಸೀಟು ಹಿಡಿಯಬೇಕು. ಸೀಟು ಅಗಲ ಮಾಡಿದರೆ ಮಗು ಅದರಲ್ಲಿ ಜಾರಾಡುತ್ತದೆ. ಆದರೆ ದಾರಿಯೇ ಇಲ್ಲ ಅನ್ನುವುದು ಸುಳ್ಳು. 2010ರಲ್ಲಿ ಒರ್ಲಾಂಡೊದ ಯೂನಿವರ್ಸಲ್‌ನಲ್ಲಿ ಫರ್ಬಿಡನ್ ಜರ್ನಿ ಅನ್ನುವ ರೈಡ್ ಶುರುವಾದಾಗ ಎಷ್ಟೋ ಜನ ನಿಮ್ಮ ಹಾಗೇ ವಾಪಸ್ ಬಂದರು. ದೂರು ಜೋರಾಯಿತು. ಅದೇ ವರ್ಷ ಅವರು ಪ್ರತಿ ಬೆಂಚಿನ ಎರಡು ತುದಿಯ ಸೀಟುಗಳನ್ನು ದೊಡ್ಡ ಮೈಯವರಿಗೂ ಹೊಂದುವ ಹಾಗೆ ಬದಲಿಸಿದರು. ಕೆಲವು ದೊಡ್ಡ ಕೋಸ್ಟರ್‌ಗಳಲ್ಲಿ ನಡುವಿನ ಒಂದೆರಡು ಸಾಲಿಗೆ ಜೋಡಿ ಬೆಲ್ಟ್ ಇಟ್ಟು ಅಗಲ ಎದೆಯವರಿಗೆ ಜಾಗ ಮಾಡಿರುತ್ತಾರೆ. ಅಂದರೆ ಮನಸ್ಸು ಮಾಡಿದರೆ ಆಗುತ್ತದೆ. ಇನ್ನೊಂದು ಕಡೆ, 2023ರಲ್ಲಿ ಹಾಲಿವುಡ್‌ನ ಯೂನಿವರ್ಸಲ್‌ನಲ್ಲಿ ಬಂದ ಮಾರಿಯೋ ಕಾರ್ಟ್ ರೈಡ್‌ನಲ್ಲಿ ಸೊಂಟ 40 ಇಂಚು ದಾಟಿದವರಿಗೆ ಕಷ್ಟ ಆಗಬಹುದು ಅಂತ ಹಾಕಿದರು. ಅದು ನಿಧಾನವಾಗಿ ಹೋಗುವ, ಮಕ್ಕಳು ಮರಿ ಎಲ್ಲ ಕೂರುವ ರೈಡ್. ಅಷ್ಟು ಮೆಲ್ಲಗೆ ಹೋಗುವ ಬಂಡಿಯಲ್ಲೂ ಇಷ್ಟು ಜನರನ್ನು ಹೊರಗಿಡುವ ಹಾಗೆ ಸೀಟು ಮಾಡಿದ್ದು ನನಗೆ ಒಪ್ಪಿಗೆಯಿಲ್ಲ. ಅಲ್ಲಿ ತಿದ್ದಬೇಕಾದದ್ದು ಸೀಟು.

ಪಾರ್ಕ್‌ಗಳು ಮುಚ್ಚುಮರೆ ಇಲ್ಲದೆ ಮೊದಲೇ ಹೇಳಿಬಿಡಬೇಕು. ಒಹಾಯೋದ ಸೀಡರ್ ಪಾಯಿಂಟ್ ಪಾರ್ಕ್ ಹೇಳುತ್ತದೆ: 6 ಅಡಿ 2 ಇಂಚಿಗಿಂತ ಎತ್ತರ, 225 ಪೌಂಡ್ ಅಂದರೆ ಸುಮಾರು 102 ಕೆ.ಜಿ.ಗಿಂತ ಜಾಸ್ತಿ ತೂಕ, 40 ಇಂಚು ಸೊಂಟ, 52 ಇಂಚು ಎದೆ ಅಥವಾ ದಪ್ಪ ತೊಡೆ ಇದ್ದವರಿಗೆ ಕೆಲವು ರೈಡ್ ಹೊಂದದೇ ಹೋಗಬಹುದು ಅಂತ. ಓದಲು ಬೇಸರ ಆಗುತ್ತದೆ, ಆದರೆ ಮನೆಯಲ್ಲೇ ಗೊತ್ತಾಗುತ್ತದೆ. ಸಾಲಿನ ಕೊನೆಯಲ್ಲಿ ನೂರು ಜನರೆದುರು ಗೊತ್ತಾಗುವುದಕ್ಕಿಂತ ಎಷ್ಟೋ ವಾಸಿ.

ನೀವು ಮತ್ತೆ ಹೋಗುವಾಗ ಹೀಗೆ ಮಾಡಿ. ರೈಡ್‌ನ ಬಾಗಿಲ ಹತ್ತಿರ, ಸಾಲು ಶುರುವಾಗುವ ಮೊದಲೇ, ಸುಮ್ಮನೆ ಇಟ್ಟಿರುವ ಒಂದು ಸೀಟು ಕಾಣುತ್ತದೆ. ಅದಕ್ಕೆ ಟೆಸ್ಟ್ ಸೀಟ್ ಅನ್ನುತ್ತಾರೆ. ಕಾಣದಿದ್ದರೆ ಸಿಬ್ಬಂದಿಯನ್ನು ಕೇಳಿ. ಬೆಳಿಗ್ಗೆ ಪಾರ್ಕ್ ತೆರೆದ ಕೂಡಲೇ ಹೋದರೆ ಸುತ್ತ ಜನ ಇರುವುದಿಲ್ಲ. ಅದರಲ್ಲಿ ಸಂಕೋಚ ಬಿಟ್ಟು ಕೂತು ನೋಡಿ. ಜೇಬಿನ ಪರ್ಸ್, ಮೊಬೈಲ್ ತೆಗೆಯಿರಿ. ಕುಂಡೆಯನ್ನು ಸೀಟಿನ ಮೂಲೆಯವರೆಗೂ ಹಿಂದಕ್ಕೆ ತಳ್ಳಿ, ಬೆನ್ನು ನೆಟ್ಟಗೆ ಮಾಡಿ. ಬಹಳ ಜನ ಸ್ವಲ್ಪ ಜಾರಿ ಕೂರುತ್ತಾರೆ, ಅಲ್ಲೇ ಎರಡು ಇಂಚು ಹೋಗುತ್ತದೆ. ಆಮೇಲೆ ಒಂದು ಕೈಯಿಂದ ಹೊಟ್ಟೆಯನ್ನು ಮೇಲಕ್ಕೆ ಎತ್ತಿಕೊಂಡು, ಬಾರ್ ಅದರ ಅಡಿಯಿಂದ ತೊಡೆಯ ಮಡಿಕೆಗೆ ಬರುವ ಹಾಗೆ ಎಳೆಯಿರಿ. ಇದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ, ಬಾರ್ ಇರಬೇಕಾದ ಜಾಗವೇ ಅದು. ಎಷ್ಟೋ ಜನರಿಗೆ ಇಷ್ಟರಲ್ಲೇ ಹೊಂದುತ್ತದೆ. ನಿಮಗೂ ಹೊಂದಿದರೆ ನನಗೆ ತುಂಬಾ ಸಂತೋಷ. ದೊಡ್ಡ ಸೀಟಿನ ಸಾಲು ಯಾವುದಾದರೂ ಇದೆಯಾ ಅಂತಲೂ ಅಲ್ಲೇ ಕೇಳಿ.

ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದು ಲಾಕ್ ಮಾಡಿಸಿಕೊಳ್ಳಬೇಡಿ. ಎರಡು ನಿಮಿಷ ಉಸಿರು ಹಿಡಿದುಕೊಂಡು ಓಡಾಡಲಾಗುವುದಿಲ್ಲ ಅಲ್ವಾ? ದಾರಿಯಲ್ಲಿ ಬಾರ್ ಇನ್ನೊಂದು ಹಲ್ಲು ಇಳಿದರೆ ಪಕ್ಕೆಲುಬಿಗೇ ನೋವು. ಬಂಡಿಯಲ್ಲಿ ಕೂತ ಮೇಲೆ ನಿಮಗೇ ಬಾರ್ ಹೊಟ್ಟೆಯ ಮೇಲಿದೆ, ತೊಡೆಗೆ ತಾಗಿಲ್ಲ ಅನಿಸಿದರೆ, ದೀಪ ಹತ್ತಿದ್ದರೂ ಕೈ ಎತ್ತಿ ಕರೆಯಿರಿ.

ಮನೆಯಲ್ಲಿ ಸೊಂಟ ಅಳೆಯುವಾಗ ಕುರ್ಚಿಯಲ್ಲಿ ಕೂತು, ಹೊಟ್ಟೆ ಎಲ್ಲಿ ದೊಡ್ಡದಿದೆಯೋ ಅಲ್ಲಿ ಟೇಪ್ ಸುತ್ತಿ. ಪ್ಯಾಂಟಿನ ಸೈಜ್ ನಂಬಬೇಡಿ, ನಾವೆಲ್ಲ ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುವವರು. 38ರ ಪ್ಯಾಂಟ್ ಹಾಕುವವರ ಹೊಟ್ಟೆ ಕೂತಾಗ 44 ಇರುವುದನ್ನು ನಾನೇ ಅಳೆದು ನೋಡಿದ್ದೇನೆ.